ಗುಟ್ಟು ಓದುಗನಿಗೆ ಮೊದಲೇ ತಿಳಿದಿರಲಿ

ಪತ್ರಿಕೆಗೆ ಬರುವ ಕಥೆಗಳನ್ನು ಓದಿ ಆರಿಸುವುದು ನನ್ನ ಕೆಲಸ. ‘ರೋಚಕ ಕಥೆ’ ಎಂದು ತಲೆಬರಹ ಹೊತ್ತು ಬರುವವುಗಳಲ್ಲಿ ಹೆಚ್ಚಿನವು ಅಮಾವಾಸ್ಯೆಯ ರಾತ್ರಿ, ಜಡಿಮಳೆ, ಕಿಟಾರನೆ ಕಿರುಚಿದ ದನಿಯಿಂದ ಶುರುವಾಗುತ್ತವೆ. ಕಿರುಚಿದ್ದು ಯಾರು ಎಂಬುದನ್ನು ಕೊನೆಯ ಪುಟದವರೆಗೂ ಬಿಟ್ಟುಕೊಡುವುದಿಲ್ಲ. ಗುಟ್ಟು ಮುಚ್ಚಿಟ್ಟಷ್ಟೂ ಓದುಗ ತುದಿಗಾಲಲ್ಲಿ ನಿಲ್ಲುತ್ತಾನೆಂಬ ನಂಬಿಕೆ. ಏನೂ ಗೊತ್ತಿಲ್ಲದವನಿಗೆ ದಿಗಿಲಾದರೂ ಎಲ್ಲಿಂದ ಹುಟ್ಟಬೇಕು?

ಪತ್ತೇದಾರಿ ಕಥೆಯ ದಾರಿ ಬೇರೆ. ನಾಲ್ಕನೇ ತರಗತಿವರೆಗೆ ಮಾತ್ರ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರು ಕನ್ನಡಿಗರಿಗೆ ಆ ರುಚಿ ಹತ್ತಿಸಿದರು. ಅಲ್ಲಿ ಕೊಲೆಗಾರನನ್ನು ಮರೆಯಲ್ಲಿಡಲೇಬೇಕು. ರೋಚಕ ಕಥೆ, ಅಂದರೆ ಥ್ರಿಲ್ಲರ್ ಬರೆಯುವವರು ಮಾತ್ರ ಓದುಗನನ್ನು ಒಳಗೆ ಕರೆದು ಕೂರಿಸಿಕೊಳ್ಳಬೇಕು.

ಫ್ರೆಡರಿಕ್ ಫೋರ್ಸೈತ್ ಅವರ ‘ದಿ ಡೇ ಆಫ್ ದಿ ಜಾಕಲ್’ ಬಂದದ್ದು 1971ರಲ್ಲಿ. 1963ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುವ ಕಥೆ. ಡಿ ಗಾಲ್ ಗುಂಡೇಟಿಗೆ ಸಾಯಲಿಲ್ಲ, 1970ರಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡರು. ಕೊನೆ ಇಷ್ಟು ಸ್ಪಷ್ಟವಾಗಿರುವ ಕಥೆಯನ್ನು ಯಾರು ಓದುತ್ತಾರೆಂದು ಪ್ರಕಾಶಕರೇ ಅನುಮಾನಿಸಿದ್ದರು. ಆದರೆ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಎಂದೋ ಸತ್ತ ಮಗುವಿನ ಹೆಸರಲ್ಲಿ ಹಂತಕ ಪಾಸ್‌ಪೋರ್ಟ್ ಮಾಡಿಸುವುದು, ಊರುಗೋಲಿನ ಕೊಳವೆಗಳಲ್ಲಿ ಬಿಡಿಬಿಡಿಯಾಗಿ ಅಡಗುವ ಬಂದೂಕು ತಯಾರಾಗುವುದು, ಎಲ್ಲವನ್ನೂ ನಾವು ಪಕ್ಕದಲ್ಲೇ ನಿಂತು ನೋಡುತ್ತೇವೆ. ಆಮೇಲೆ ಬೆನ್ನು ಹತ್ತುವ ಅಧಿಕಾರಿ ಲೆಬೆಲ್ ಬರುತ್ತಾನೆ. ಇಬ್ಬರೂ ಎಲ್ಲೆಲ್ಲಿದ್ದಾರೆಂದು ಬಲ್ಲವರು ನಾವು ಮಾತ್ರ. ಡಿ ಗಾಲ್ ಉಳಿಯುತ್ತಾರೆಂದು ತಿಳಿದವನೂ ಹೇಗೆ ಉಳಿದರೆಂದು ನೋಡಲು ಪುಟ ತಿರುವುತ್ತಾನೆ.

ಇಷ್ಟಕ್ಕೆ ಪ್ಯಾರಿಸ್ಸೇ ಬೇಕೆಂದಿಲ್ಲ. ನಮ್ಮೂರಿನ ಸಹಕಾರ ಸಂಘವೊಂದನ್ನು ತೆಗೆದುಕೊಳ್ಳಿ. ಜನ ಅಡವಿಟ್ಟ ಚಿನ್ನವನ್ನು ಗುಮಾಸ್ತ ಕದ್ದು, ಆ ಪೊಟ್ಟಣದಲ್ಲಿ ರೋಲ್ಡ್ ಗೋಲ್ಡ್ ಸರ ಇಟ್ಟಿದ್ದಾನೆ. ಇದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಆಮೇಲೆ ಮಗಳ ಮದುವೆ ಹತ್ತಿರವಾದ ತಾಯಿಯೊಬ್ಬಳು ಸಾಲದ ಹಣ ಸೆರಗಿನಲ್ಲಿ ಕಟ್ಟಿಕೊಂಡು ಬರಲಿ.

“ರಾಯರೇ, ಬಡ್ಡಿ ಸಮೇತ ತಂದಿದೀನಿ, ಅವಲಕ್ಕಿ ಸರ ಬಿಡಿಸ್ಕೊಡಿ.”

“ಕೂತ್ಕೊಳ್ಳಿ ಅಮ್ಮಾ, ಒಂದು ಲೋಟ ಕಾಫಿ ಕುಡೀರಿ.”

ಅವನು ರಸೀದಿಯನ್ನು ಬೇಕೆಂದೇ ನಿಧಾನವಾಗಿ ಓದಲಿ. ಬೀಗದ ಕೈ ಕಾರ್ಯದರ್ಶಿಯ ಹತ್ತಿರವಿದೆ, ನಾಳೆ ಬನ್ನಿ ಎನ್ನಲಿ. ಅಷ್ಟರಲ್ಲಿ ಕಾರ್ಯದರ್ಶಿಯೇ ಬಾಗಿಲಲ್ಲಿ ಚಪ್ಪಲಿ ಬಿಡಲಿ. ಹೆಣವಿಲ್ಲ, ಮಳೆಯಿಲ್ಲ, ಆದರೂ ಆ ಕಾಫಿ ಲೋಟ ಖಾಲಿಯಾಗುವವರೆಗೆ ಓದುಗ ಅಲ್ಲಾಡುವುದಿಲ್ಲ. ಗುಮಾಸ್ತನ ಮಗುವಿಗೆ ಆಸ್ಪತ್ರೆ ಖರ್ಚಿತ್ತು ಎಂದೂ ಸೇರಿಸಿದರಂತೂ ಅವನು ಸಿಕ್ಕಿಬೀಳಲಿ ಎನ್ನಬೇಕೋ ಪಾರಾಗಲಿ ಎನ್ನಬೇಕೋ ತಿಳಿಯದೆ ಓದುಗ ಒದ್ದಾಡುತ್ತಾನೆ. ಈ ಒದ್ದಾಟ ನನಗೆ ತೀರಾ ಮುಖ್ಯ. ಪಾತ್ರದ ಮೇಲೆ ಅಕ್ಕರೆ ಹುಟ್ಟದಿದ್ದರೆ ಅವನ ಕೊರಳಿಗೆ ಕತ್ತಿ ಹಿಡಿದರೂ ನಮಗೇನು?

ಇನ್ನೊಂದು ಬೇಕಾದದ್ದು ಗಡುವು. ನಾಳೆ ಬೆಳಿಗ್ಗೆ ಲೆಕ್ಕಪರಿಶೋಧಕರು ಬರುತ್ತಾರೆಂದರೆ ಪ್ರತಿ ಗಂಟೆಗೂ ಬೆಲೆ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ‘ಜುಗಾರಿ ಕ್ರಾಸ್’ ಕಾದಂಬರಿಯಲ್ಲಿ ಸುರೇಶ, ಗೌರಿ ದಂಪತಿಯನ್ನು ಒಂದೇ ದಿನದ ಚೌಕಟ್ಟಿನೊಳಗೆ ಓಡಿಸಿದ್ದಾರೆ. ಉಸಿರು ಬಿಡಲು ಜಾಗವಿಲ್ಲ, ಹಾಗಿದ್ದೂ ಮಲೆನಾಡಿನ ಕಾಡು, ಕಳ್ಳವ್ಯಾಪಾರ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಥ್ರಿಲ್ಲರ್ ಎಂದು ಮೂಗು ಮುರಿಯುವವರು ಅದನ್ನೊಮ್ಮೆ ಓದಬೇಕು.

ಕೊನೆಯ ಪುಟದಲ್ಲಿ ಎಲ್ಲಿಂದಲೋ ಅವಳಿ ತಮ್ಮನನ್ನು ತಂದು ನಿಲ್ಲಿಸಬೇಡಿ, ಎಲ್ಲ ಕನಸಾಗಿತ್ತು ಎನ್ನಲೂಬೇಡಿ. ಅದು ನಂಬಿ ಬಂದ ಓದುಗನಿಗೆ ಮಾಡುವ ಮೋಸ. ಕಥೆಯನ್ನು ನಮಗೆ ಕಳಿಸುವ ಮುನ್ನ ನೀವು ಜೋಪಾನವಾಗಿ ಬಚ್ಚಿಟ್ಟ ಗುಟ್ಟನ್ನು ಮೊದಲ ಪುಟಕ್ಕೆ ತಂದು ಒಮ್ಮೆ ಬರೆದು ನೋಡಿ, ಆಮೇಲೆ ಕಳಿಸಿ.