ಅನಾಥರನ್ನು ಸಂದರ್ಶಿಸುವುದೆಂದರೆ

ಹೊರದೇಶಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳಿಂದ ಈಚಿನ ವರ್ಷಗಳಲ್ಲಿ ಒಂದು ಸಮಾಚಾರ ಆಗಾಗ ಕೇಳಿಬರುತ್ತದೆ. ಅವರು ಸೇರಿರುವ ಅಲ್ಲಿಯ ಧರ್ಮಕೇಂದ್ರದಿಂದ ಹತ್ತು ಹದಿನೈದು ಜನರ ಪ್ರೇಷಿತ ತಂಡವೊಂದು ಹೊರಟು, ಆಫ್ರಿಕಾದಲ್ಲೋ ಕಾಂಬೋಡಿಯಾದಲ್ಲೋ ಭಾರತದಲ್ಲೋ ಇರುವ ಅನಾಥಾಲಯದಲ್ಲಿ ಒಂದೆರಡು ವಾರ ಕಳೆಯುತ್ತದೆ. ಗೋಡೆಗಳಿಗೆ ಸುಣ್ಣ ಬಣ್ಣ ಬಳಿದು, ಮಕ್ಕಳಿಗೆ ಹಾಡು ಕಲಿಸಿ, ಉಡುಗೊರೆ ಹಂಚಿ, ಫೋಟೋ ತೆಗೆಸಿಕೊಂಡು ಮರಳುತ್ತದೆ. ನಿಮ್ಮ ಕಡೆಯೂ ಅಂತಹ ಮಕ್ಕಳಿದ್ದರೆ ನಮ್ಮ ತಂಡವನ್ನು ಕರೆತರಬಹುದೇ ಎಂದು ಕೇಳುವವರೂ ಉಂಟು. ಸಾಗರದಾಚೆಯವರಿಗೆ ನಮ್ಮ ವಿಜಯಪುರವೇ ಸಾಗರದಾಚೆಯ ಊರು. ಆದುದರಿಂದ ಈ ಪ್ರಶ್ನೆ ನಮ್ಮ ಕುಟುಂಬಗಳಿಗೂ ಸಂಬಂಧಿಸಿದ್ದು. ಇದಕ್ಕೆ ನಾವು ಏನೆಂದು ಉತ್ತರಿಸೋಣ?

ಕೇಳುವವರ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಸಂದರ್ಶಿಸುವುದೇ ದೇವರ ಮುಂದೆ ನಿರ್ಮಲವಾದ ಧರ್ಮವೆಂದು ಸಂತ ಯಕೋಬರು ತಮ್ಮ ಪತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಸಾರಿದ್ದಾರೆ. ಆದರೆ ಅಲ್ಲಿ ಅವರು ಬಳಸಿದ ಗ್ರೀಕ್ ಕ್ರಿಯಾಪದ 'ಎಪಿಸ್ಕೆಪ್ತೆಸ್ಥೈ' ಎಂಬುದು. ಹೋಗಿ ನೋಡಿ ಬರುವುದು ಎಂಬಷ್ಟೇ ಅದರ ಅರ್ಥವಲ್ಲ. ಮೇಲ್ವಿಚಾರಣೆ ವಹಿಸುವುದು, ಹೊಣೆ ಹೊತ್ತು ನೋಡಿಕೊಳ್ಳುವುದು ಎಂಬ ಅರ್ಥವೂ ಅದರೊಳಗಿದೆ. ಧರ್ಮಾಧ್ಯಕ್ಷರಿಗೆ ಗ್ರೀಕಿನಲ್ಲಿರುವ 'ಎಪಿಸ್ಕೊಪೊಸ್' ಎಂಬ ಹೆಸರೂ ಇದೇ ಮೂಲದಿಂದ ಬಂದದ್ದು. ಹೊಣೆಯಿಲ್ಲದ ಭೇಟಿಯನ್ನು ಸಂತ ಯಕೋಬರು ಸಂದರ್ಶನವೆಂದು ಕರೆಯುತ್ತಿರಲಿಲ್ಲವೇನೋ! ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಹೋದಾಗ ಸುಮಾರು ಮೂರು ತಿಂಗಳು ಅವರ ಜೊತೆ ಇದ್ದರೆಂದು ಸಂತ ಲೂಕರ ಶುಭಸಂದೇಶ ಹೇಳುತ್ತದೆ. ವಯಸ್ಸಾದ ಗರ್ಭಿಣಿಗೆ ನೆರವು ಎಷ್ಟು ದಿನ ಬೇಕಿತ್ತೋ ಅಷ್ಟು ದಿನ ಆ ಭೇಟಿ ನಡೆಯಿತು.

ನಮ್ಮ ನಾಡಿಗೆ ಬಂದ ಪ್ರೇಷಿತರಲ್ಲಿಯೂ ಈ ಆದರ್ಶವನ್ನು ಕಾಣಬಹುದು. ೧೮೭೮ರ ಡಿಸೆಂಬರ್ ೩೧ರಂದು ಯೇಸುಸಭೆಯ ಗುರುಗಳ ತಂಡವೊಂದು ಯೂರೋಪಿನಿಂದ ಮಂಗಳೂರಿಗೆ ಬಂದಿಳಿಯಿತು. ಅವರಲ್ಲೊಬ್ಬರು ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್. ೧೮೮೦ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದ ಅವರು, ೧೮೯೦ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ೧೯೧೦ರಲ್ಲಿ ಮಂಗಳೂರಿನಲ್ಲಿಯೇ ಪ್ರಾಣಬಿಟ್ಟರು. ಮೂರು ದಶಕಗಳ ಕಾಲ ಅವರು ರೋಗಿಗಳ ಭಾಷೆ ಕೇಳಿದರು, ಅವರ ಮನೆಮಂದಿಯನ್ನು ಬಲ್ಲವರಾದರು. ಎಲ್ಲರಿಗೂ ಇಂತಹ ಕರೆ ಇರುವುದಿಲ್ಲ, ನಿಜ. ಆದರೂ ಅಳತೆಗೋಲು ಯಾವುದೆಂಬುದು ಇದರಿಂದ ತಿಳಿಯುತ್ತದೆ.

ಸದುದ್ದೇಶವೊಂದೇ ಸಾಲದೆಂಬುದಕ್ಕೆ ಧರ್ಮಸಭೆಯ ಇತಿಹಾಸದಲ್ಲಿಯೇ ನೋವಿನ ಪಾಠವೊಂದಿದೆ. ೧೮೪೩ರಲ್ಲಿ ಫ್ರಾನ್ಸಿನ ಧರ್ಮಾಧ್ಯಕ್ಷ ಫೋರ್ಬಿನ್ ಜಾನ್ಸನ್ ಅವರು ಪವಿತ್ರ ಬಾಲ್ಯ ಸಂಘವನ್ನು ಸ್ಥಾಪಿಸಿದರು. ಪುಟ್ಟ ಮಕ್ಕಳು ದಿನಕ್ಕೊಂದು ಪ್ರಾರ್ಥನೆ, ತಿಂಗಳಿಗೊಂದು ನಾಣ್ಯ ಕೊಟ್ಟು ಚೀನಾದ ತಬ್ಬಲಿ ಮಕ್ಕಳನ್ನು ಉಳಿಸಬೇಕೆಂಬುದು ಅದರ ಸುಂದರ ಆಶಯ. ಚೀನಾದ ತಿಯೆಂತ್ಸಿನ್ ನಗರದಲ್ಲಿ ಧರ್ಮಭಗಿನಿಯರು ಅನಾಥಾಲಯ ನಡೆಸುತ್ತಿದ್ದರು. ಅಲ್ಲಿ ಮಗುವನ್ನು ತಂದೊಪ್ಪಿಸಿದವರಿಗೆ ಒಂದಿಷ್ಟು ಹಣ ಕೊಡುವ ವಾಡಿಕೆ ಬೆಳೆಯಿತು. ಹಣ ಸಿಗುತ್ತದೆಂದಾಗ ಮಕ್ಕಳನ್ನು ಕದ್ದು ತರಲಾಗುತ್ತಿದೆಯೆಂಬ ಗುಲ್ಲು ಹಬ್ಬಿತು. ಸಾಂಕ್ರಾಮಿಕ ರೋಗದಿಂದ ಅನಾಥಾಲಯದ ಮಕ್ಕಳು ಸತ್ತಾಗ ಜನರ ಸಂಶಯ ರೋಷಕ್ಕೆ ತಿರುಗಿತು. ೧೮೭೦ರ ಜೂನ್ ೨೧ರಂದು ಉದ್ರಿಕ್ತ ಗುಂಪು ಹತ್ತು ಮಂದಿ ಧರ್ಮಭಗಿನಿಯರನ್ನು ಕೊಂದಿತು. ಆ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಆ ಭಗಿನಿಯರು ಮಕ್ಕಳಿಗಾಗಿಯೇ ಬಾಳಿದವರು. ಆದರೆ ತಬ್ಬಲಿಗಳಿಗೆಂದು ಹಣ ಹರಿಯತೊಡಗಿದರೆ, ಅದನ್ನು ಕಂಡು ತಬ್ಬಲಿಗಳಲ್ಲದವರನ್ನೂ ತಬ್ಬಲಿಗಳನ್ನಾಗಿ ಮಾಡುವವರು ಹುಟ್ಟಿಕೊಳ್ಳುವ ಅಪಾಯವಿದೆಯೆಂಬ ಎಚ್ಚರ ನಮಗಿರಬೇಕು.

ಈ ಅಪಾಯ ಇಂದಿಗೂ ಮಾಸಿಲ್ಲ. ಕಾಂಬೋಡಿಯಾದಂತಹ ದೇಶಗಳ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂಬುದು ಬೆಳಕಿಗೆ ಬಂದಿದೆ. ಮಕ್ಕಳನ್ನು ಅಲ್ಲಿಗೆ ತಳ್ಳಿದ್ದು ಮರಣಕ್ಕಿಂತ ಹೆಚ್ಚಾಗಿ ಬಡತನ. ೨೦೧೯ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಪ್ರವಾಸದ ರೂಪದಲ್ಲಿ ನಡೆಯುವ ಅನಾಥಾಲಯ ಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯುವಂತೆ ರಾಷ್ಟ್ರಗಳಿಗೆ ಕರೆಕೊಟ್ಟಿತು.

ನಮ್ಮೂರಿನ ಮಾತಿಗೆ ಬರೋಣ. ಗಾಂಧಿ ಚೌಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವವರಿಗೆ ಗಂಟುಮೂಟೆ ಹೊತ್ತು ಬಸ್ ನಿಲ್ದಾಣದತ್ತ ಸಾಗುವ ಕುಟುಂಬಗಳು ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಗೋವೆಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಮಂಗಳೂರು ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಈ ಸೀಮೆಯ ಬಡವರ ಪಾಡು. ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿ ತೋಟಗಳು ಹಬ್ಬಿದರೂ ಒಣಬೇಸಾಯದ ಹೊಲವನ್ನೇ ನಂಬಿದ ಮನೆಗಳು ಇನ್ನೂ ಇವೆ. ಅಪ್ಪ ಅವ್ವ ಗುಳೆ ಹೋದರೆ ಮಗು ಅಜ್ಜಿಯ ಮಡಿಲಲ್ಲಿ ಉಳಿಯುತ್ತದೆ, ಇಲ್ಲವೆ ಯಾವುದಾದರೊಂದು ವಸತಿಗೆ ಸೇರುತ್ತದೆ. ಅಂತಹ ಮಗುವನ್ನು ಅನಾಥವೆಂದು ಕರೆದು ಅತಿಥಿಗಳ ಮುಂದೆ ಹಾಡಿಸಿದರೆ, ದೂರದಲ್ಲಿ ಇಟ್ಟಿಗೆ ಹೊರುತ್ತಿರುವ ಅದರ ತಾಯಿಯನ್ನು ನಾವು ಇಲ್ಲವೆಂದು ಸಾರಿದಂತಾಯಿತು. ಇದು ದಾನವೇ? ಸತ್ಯವೇ?

ತತ್ವಶಾಸ್ತ್ರ ಕಲಿಸುವ ಮೊದಲ ಪಾಠಗಳಲ್ಲೊಂದು, ಮನುಷ್ಯನನ್ನು ಎಂದೂ ಕೇವಲ ಸಾಧನವಾಗಿ ಕಾಣಬಾರದೆಂಬುದು. ಪ್ರೀತಿಯೆಂದರೆ ಪರರ ಹಿತವನ್ನು ಬಯಸುವುದೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಬಂದವರ ಮನಸ್ಸು ಕರಗಲೆಂದು, ಅವರ ವಿಶ್ವಾಸ ಬಲಗೊಳ್ಳಲೆಂದು ಮಗುವನ್ನು ನಿಲ್ಲಿಸಿದರೆ, ಅಲ್ಲಿ ಹಿತ ಯಾರದು? ವಾರಕ್ಕೊಬ್ಬರಂತೆ ಬಂದು ಎತ್ತಿ ಮುದ್ದಾಡಿ ಹೋಗುವವರನ್ನು ಮಗು ನಂಬುತ್ತದೆ, ಹಚ್ಚಿಕೊಳ್ಳುತ್ತದೆ, ಮತ್ತೆ ಕಳೆದುಕೊಳ್ಳುತ್ತದೆ. ಮೊದಲೇ ಅಗಲಿಕೆಯ ಗಾಯವಿರುವ ಮನಸ್ಸಿಗೆ ಇದು ಹೊಸ ಗಾಯ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ೨೦೧೫ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಮಾರ್ಗ. ಮೊದಲ ಸ್ಥಾನ ಕುಟುಂಬದ್ದು. ಪೋಷಣೆ, ರಕ್ಷಣೆ ಬೇಕಾದ ಮಗುವಿನ ವಿಷಯವನ್ನು ನಿರ್ಧರಿಸಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿ. ಅಂತಹ ಮಗುವಿನ ಗುರುತು ತಿಳಿಯುವಂತೆ ಹೆಸರು, ಚಿತ್ರಗಳನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದೂ ಅಪರಾಧ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆ ತಾಯಿಯ ಬಳಿಯೋ ಅಜ್ಜ ಅಜ್ಜಿಯರ ಬಳಿಯೋ ಬೆಳೆಯುವ ಅರ್ಹ ಮಗುವಿಗೆ ತಿಂಗಳಿಗೆ ೪,೦೦೦ ರೂಪಾಯಿಗಳ ಪ್ರಾಯೋಜಕತ್ವ ನೆರವಿದೆ. ಕುಟುಂಬದ ವಾರ್ಷಿಕ ವರಮಾನ ಗ್ರಾಮಗಳಲ್ಲಿ ೭೨,೦೦೦, ಇತರೆಡೆ ೯೬,೦೦೦ ರೂಪಾಯಿಗಳನ್ನು ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇದಕ್ಕೆ ಅರ್ಜಿ ಸಲ್ಲಿಸಬಹುದು. ಅಕ್ಷರ ಬಾರದ ಅಜ್ಜಿಯೊಬ್ಬಳಿಗೆ ಆ ಅರ್ಜಿ ತುಂಬಿಕೊಡುವುದು, ಕಾಗದಪತ್ರ ಹೊಂದಿಸಿಕೊಡುವುದು, ಅವಳೊಡನೆ ಕಚೇರಿಯ ಮೆಟ್ಟಿಲು ಹತ್ತುವುದು ಸಂತ ಯಕೋಬರು ಹೇಳಿದ ಸಂದರ್ಶನವಲ್ಲದೆ ಮತ್ತೇನು?

ಹಾಗಾದರೆ ಅನಾಥಾಲಯಗಳ ಬಾಗಿಲು ಮುಚ್ಚಬೇಕೆ? ಖಂಡಿತ ಇಲ್ಲ. ಯಾರೂ ಇಲ್ಲದ ಮಕ್ಕಳೂ ಇದ್ದಾರೆ, ಮನೆಯೇ ನರಕವಾದ ಮಕ್ಕಳೂ ಇದ್ದಾರೆ. ಅವರನ್ನು ಹಗಲಿರುಳು ಸಾಕುವ ಧರ್ಮಭಗಿನಿಯರಿಗೂ ಇತರ ಸೇವಕರಿಗೂ ನಾವು ಋಣಿಗಳು. ಅವರಿಗೆ ಬೇಕಾದದ್ದು ನೋಡುಗರಲ್ಲ, ಬೆಂಬಲಿಗರು. ಹುಟ್ಟುಹಬ್ಬಕ್ಕೊಮ್ಮೆ ಕೇಕು ಹಿಡಿದು ಹೋಗುವ ಕುಟುಂಬ, ಅದರ ಬದಲು ಒಂದು ಮಗುವಿನ ವರ್ಷದ ಶಾಲಾ ಖರ್ಚನ್ನು ಹೊರಲಿ. ಹೊರದೇಶದ ಬಂಧುಗಳು ತಂಡದ ವಿಮಾನದ ಟಿಕೆಟ್ಟಿಗೆ ಎತ್ತುವ ಹಣದಲ್ಲಿ ಇಲ್ಲಿ ಎಷ್ಟು ತಾಯಂದಿರು ಗುಳೆ ಹೋಗದೆ ಮಕ್ಕಳೊಡನೆ ಉಳಿಯಬಹುದೆಂದು ಲೆಕ್ಕ ಹಾಕಲಿ. ಬರಲೇಬೇಕೆನ್ನುವವರು ಬರಲಿ, ನಮ್ಮ ಬಲಿಪೂಜೆಯಲ್ಲಿ ಭಾಗವಹಿಸಲಿ, ನಮ್ಮೊಡನೆ ಜೋಳದ ರೊಟ್ಟಿ ಉಣ್ಣಲಿ, ಇಲ್ಲಿಯ ಸೇವಕರ ಮಾತು ಕೇಳಲಿ. ಮಕ್ಕಳನ್ನು ಮಾತ್ರ ಪ್ರದರ್ಶನಕ್ಕಿಡುವುದು ಬೇಡ.

ಸಂಕಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ ೧೦೯೮ಕ್ಕೆ ಕರೆ ಮಾಡಲು ಹಣ ಬೇಕಿಲ್ಲ, ವಿಮಾನವೂ ಬೇಕಿಲ್ಲ. ನಮ್ಮ ಓಣಿಯಲ್ಲಿಯೇ ಅಜ್ಜಿಯ ಆಸರೆಯಲ್ಲಿರುವ ಮಗು ಯಾವುದು, ಅದು ಈ ವಾರ ಶಾಲೆಗೆ ಹೋಯಿತೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ವಿಚಾರಿಸಿ ತಿಳಿಯಲಿ. ಬಂಧುಗಳು ಮುಂದೆ ಫೋನ್ ಮಾಡಿದಾಗ ಆ ಮಗುವಿನ ಹೆಸರು, ಚಿತ್ರ ಕಳುಹಿಸದೆ, ಅದರ ಮನೆಗೆ ಏನು ಬೇಕೆಂಬುದನ್ನಷ್ಟೇ ತಿಳಿಸೋಣ.