ತೊಂಬತ್ತು ಹುಣಸೆ ಬೀಜಗಳ ಲೆಕ್ಕ

ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ಜೊತೆ ನಾಲ್ಕು ದಿನ ಇದ್ದು ಬರೋಣವೆಂದೋ ಹೊರದೇಶಕ್ಕೆ ಹೊರಡುವ ಹಿರಿಯರು ಈಗ ನಮ್ಮ ಊರುಗಳ ಎಲ್ಲ ಬೀದಿಗಳಲ್ಲೂ ಸಿಗುತ್ತಾರೆ. ಇವರದು ಹದಿನೈದು ದಿನದ ಪ್ಯಾಕೇಜ್ ಟೂರ್ ಅಲ್ಲ. ಮೂರು ತಿಂಗಳು, ಐದು ತಿಂಗಳು, ಆದರೆ ಆರು ತಿಂಗಳು. ಕೆಲಸಕ್ಕಾಗಿ ಹೋಗುವುದಿಲ್ಲ, ಓದಲು ಹೋಗುವುದಿಲ್ಲ. ಹೀಗಾಗಿ ತಿಂಗಳುಗಟ್ಟಲೆ ನಿಂತರೂ ಕಾನೂನಿನ ಲೆಕ್ಕದಲ್ಲಿ ಇವರು ಸಾಮಾನ್ಯವಾಗಿ ಪ್ರವಾಸಿಗಳೇ, ಇವರಿಗೆ ಬೇಕಾದದ್ದು ಪ್ರವಾಸಿ ವೀಸಾವೇ.

ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ, ವೀಸಾ ಕೊಡುವುದು ಅವರ ಸರ್ಕಾರ. ವೀಸಾ ಎಂಬ ಪದ ಲ್ಯಾಟಿನ್‌ನದು. 'ನೋಡಲಾಗಿದೆ' ಎಂಬುದು ಅದರ ಮೂಲ ಅರ್ಥ. ಕಾಗದಪತ್ರ ನೋಡಿದ್ದೇವೆ, ಬಾಗಿಲವರೆಗೆ ಬರಬಹುದು ಎನ್ನುವುದಷ್ಟೇ ಅದರ ಮಾತು. ಒಳಗೆ ಬಿಡುವುದು, ಬಿಡದಿರುವುದು ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿಗೆ ಸೇರಿದ್ದು. ಇಷ್ಟು ತಿಳಿದರೆ ವ್ಯಾಖ್ಯೆಯ ಕೆಲಸ ಮುಗಿಯಿತು. ಜನ ಎಡವುವ ಜಾಗ ಇದಲ್ಲ.

ಎಡವುವ ಜಾಗವನ್ನು ಒಂದು ಪಾಸ್‌ಪೋರ್ಟ್ ತೆರೆದೇ ತೋರಿಸಬೇಕು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮಗಳು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾಳೆ. ಮೇಷ್ಟ್ರೂ ಅವರ ಮನೆಯವರೂ ಮಾರ್ಚ್ 1ರಂದು ಅಲ್ಲಿಗೆ ಹೋಗಿ, ಏಪ್ರಿಲ್ 29ರಂದು ಹೊರಟು ಬಂದರು. ಮಳೆಗಾಲದಲ್ಲಿ ಮತ್ತೆ ಹೋಗುವ ಆಸೆ. ಜುಲೈ 1ಕ್ಕೆ ಹೊರಡುವ, ಸೆಪ್ಟೆಂಬರ್ ಕೊನೆಗೆ ಮರಳುವ ಟಿಕೆಟ್ ನೋಡಿಟ್ಟು ನನ್ನ ಹತ್ತಿರ ಬಂದರು. "ವೀಸಾ ಮುಂದಿನ ಫೆಬ್ರವರಿವರೆಗೂ ಇದೆಯಲ್ಲ, ಇನ್ನೇನು ತೊಂದರೆ?" ಎಂದರು.

ವೀಸಾದ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ಓದಿದೆವು. ಮೇಲಿನ ಸಾಲಿನಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂಬ ಎರಡು ತಾರೀಖು. ಅದರ ಕೆಳಗೆ ವೀಸಾದ ಬಗೆ, 'ಸಿ', ಅಂದರೆ ಅಲ್ಪಾವಧಿಯದು. ಪಕ್ಕದಲ್ಲಿ 'ಮಲ್ಟ್' ಎಂದಿತ್ತು, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು ಎಂದು. ಅದರ ಪಕ್ಕದ ಪುಟ್ಟ ಚೌಕದಲ್ಲಿ 90 ಎಂಬ ಅಂಕಿ. ಎಲ್ಲರ ಕಣ್ಣೂ ಮೇಲಿನ ತಾರೀಖಿನ ಮೇಲೆ ಬೀಳುತ್ತದೆ, ಈ 90ರ ಮೇಲೆ ಬೀಳುವುದಿಲ್ಲ. ಮೇಲಿನ ತಾರೀಖುಗಳು ವೀಸಾ ಬಳಸಬಹುದಾದ ಅವಧಿಯನ್ನು ಹೇಳುತ್ತವೆ. ಅಲ್ಲಿ ಎಷ್ಟು ದಿನ ತಂಗಬಹುದು ಎಂದು ಹೇಳುವುದು ಈ 90. ವೀಸಾದ ಅವಧಿಯೇ ಬೇರೆ, ತಂಗುವ ಅವಧಿಯೇ ಬೇರೆ. ಈ ಒಂದು ಮಾತನ್ನು ನಾನು ಎಷ್ಟು ಮನೆಗಳ ಜಗುಲಿಯಲ್ಲಿ ಕೂತು ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೇಳಿದವರ ಮುಖದಲ್ಲಿ ಅದೇ ಗಾಬರಿ ಕಾಣುತ್ತದೆ.

ಮೇಷ್ಟ್ರ ವೀಸಾ ನೆದರ್‌ಲ್ಯಾಂಡ್ಸ್ ಸೇರಿರುವ ಷೆಂಗೆನ್ ವಲಯದ್ದು, ಅಂದರೆ ಒಂದೇ ವೀಸಾದಲ್ಲಿ ಸುತ್ತಾಡಬಹುದಾದ ಯುರೋಪಿನ ದೇಶಗಳ ಗುಂಪಿನದು. ಆ ವಲಯಕ್ಕೆ ಮೂಲವಾದ ಷೆಂಗೆನ್ ಒಪ್ಪಂದಕ್ಕೆ 1985ರಲ್ಲಿ ಸಹಿ ಬಿದ್ದದ್ದು ಲಕ್ಸೆಂಬರ್ಗ್ ದೇಶದ ಅದೇ ಹೆಸರಿನ ಸಣ್ಣ ಊರಿನ ಬಳಿ, ಮೊಸೆಲ್ ನದಿಯ ಮೇಲೆ ನಿಂತಿದ್ದ ಒಂದು ಹಡಗಿನಲ್ಲಿ. ಇಂದು ಆ ವಲಯದಲ್ಲಿ 29 ದೇಶಗಳಿವೆ. ಎಣಿಕೆಯ ಮಟ್ಟಿಗೆ ಈ 29 ದೇಶಗಳೂ ಒಂದೇ ಮನೆ. ಮಗಳ ಮನೆಯಿಂದ ಪ್ಯಾರಿಸ್‌ಗೆ ಹೋದರೂ ರೋಮ್‌ಗೆ ಹೋದರೂ ಎಣಿಕೆ ನಿಲ್ಲುವುದಿಲ್ಲ. ನಿಯಮ ಒಂದೇ ಸಾಲಿನದು: ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಓದಲು ಸುಲಭ, ಲೆಕ್ಕ ಹಾಕಲು ಕಷ್ಟ. ತಿಳಿದವರೂ ತಪ್ಪುವುದು 'ಯಾವುದೇ' ಎಂಬ ಪದದಲ್ಲಿ. ಜನವರಿಯಿಂದ ಜೂನ್ ಒಂದು ಕಂತು, ಜುಲೈಯಿಂದ ಡಿಸೆಂಬರ್ ಇನ್ನೊಂದು ಕಂತು ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗಿಲ್ಲ. ನೀವು ಅಲ್ಲಿರುವ ಪ್ರತಿಯೊಂದು ದಿನವೂ, ಆ ದಿನವನ್ನು ಸೇರಿಸಿ ಹಿಂದಕ್ಕೆ 180 ದಿನ ಎಣಿಸಿದರೆ, ಅಷ್ಟರಲ್ಲಿ ಅಲ್ಲಿ ಕಳೆದದ್ದು 90 ದಾಟಿರಬಾರದು. ನಾಳೆ ಎಣಿಸಿದರೆ ಆ 180 ದಿನಗಳೇ ಬೇರೆ, ನಾಡಿದ್ದು ಎಣಿಸಿದರೆ ಮತ್ತೂ ಬೇರೆ.

ಇದನ್ನು ಮಾತಿನಲ್ಲಿ ಹೇಳಿ ಹೇಳಿ ಸೋತು ನಾನು ಕಂಡುಕೊಂಡ ದಾರಿ ಹುಣಸೆ ಬೀಜ. ಒಂದು ಡಬ್ಬದಲ್ಲಿ 90 ಬೀಜ ಹಾಕಿ. ಷೆಂಗೆನ್ ನೆಲದಲ್ಲಿ ಕಳೆಯುವ ಪ್ರತಿ ದಿನಕ್ಕೂ ಒಂದು ಬೀಜ ತೆಗೆದು ಹೊರಗಿಡಿ. ಹೋದ ಬೀಜ ಹೋಯಿತೆಂದಲ್ಲ, ಸರಿಯಾಗಿ 180 ದಿನಕ್ಕೆ ಡಬ್ಬಕ್ಕೆ ಮರಳುತ್ತದೆ. ಮಾರ್ಚ್ 1ರ ಬೀಜ ಆಗಸ್ಟ್ 28ರ ಬೆಳಿಗ್ಗೆ ವಾಪಸು, ಮಾರ್ಚ್ 2ರದ್ದು ಆಗಸ್ಟ್ 29ರಂದು. ಡಬ್ಬ ಬರಿದಾಗಿ, ಮರುದಿನ ಬೆಳಿಗ್ಗೆ ಮರಳುವ ಬೀಜವೂ ಇಲ್ಲದಿದ್ದರೆ ಅದೇ ಕೊನೆಯ ದಿನ, ಅಂದೇ ಹೊರಟುಬಿಡಬೇಕು. ನಿಯಮ ಎಂದರೆ ಇಷ್ಟೇ.

ಮೇಷ್ಟ್ರ ಮನೆಯವರು ಅಡುಗೆಮನೆಯಿಂದ ಬೀಜ ತಂದು ಚಾಪೆಯ ಮೇಲೆ ಸುರಿದರು. ಮಾರ್ಚ್‌ನ 31, ಏಪ್ರಿಲ್‌ನ 29, ಒಟ್ಟು 60 ಬೀಜ ಹೊರಗೆ ಹೋದವು. ಡಬ್ಬದಲ್ಲಿ ಉಳಿದದ್ದು 30. ಜುಲೈ 1ಕ್ಕೆ ಹೋದರೆ ಜುಲೈ 30ಕ್ಕೆ ಅವೂ ಮುಗಿದವು. ಮೊದಲ ಬೀಜ ಮರಳುವುದೇ ಆಗಸ್ಟ್ 28ಕ್ಕೆ, ಅಷ್ಟರವರೆಗೆ ಡಬ್ಬ ಖಾಲಿ. ಅಂದರೆ ಅವರಿಗೆ ಸಿಗುತ್ತಿದ್ದದ್ದು ಬರಿಯ 30 ದಿನ. ಸೆಪ್ಟೆಂಬರ್‌ವರೆಗೆ ನಿಂತಿದ್ದರೆ ಎರಡು ತಿಂಗಳು ಅಕ್ರಮ ವಾಸವಾಗುತ್ತಿತ್ತು. ಅದಕ್ಕೆ ದಂಡವಿದೆ, ಮತ್ತೆ ಬರದಂತೆ ನಿರ್ಬಂಧ ಹಾಕುವುದೂ ಇದೆ.

ಈಗ ಅದೇ ಪ್ರಯಾಣವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ ನೋಡಿದೆವು. ಆಗಸ್ಟ್ 1ಕ್ಕೆ ಹೋಗುವಾಗಲೂ ಡಬ್ಬದಲ್ಲಿರುವುದು ಅದೇ 30 ಬೀಜ. ಆಗಸ್ಟ್ 27ರ ರಾತ್ರಿಗೆ 27 ಖರ್ಚಾಗಿ 3 ಉಳಿದವು. ಆಗಸ್ಟ್ 28ರಂದು ಮಾರ್ಚ್ 1ರ ಬೀಜ ಬಂತು, ಅಂದಿನ ಬೀಜ ಹೋಯಿತು, ಉಳಿದದ್ದು 3. ಮರುದಿನವೂ ಒಂದು ಬಂತು, ಒಂದು ಹೋಯಿತು, ಮತ್ತೆ 3. ಹೀಗೆ ಅಕ್ಟೋಬರ್ 26ರವರೆಗೂ ನಡೆಯುತ್ತದೆ. ಅಂದು ಏಪ್ರಿಲ್ 29ರ ಕೊನೆಯ ಬೀಜ ಮರಳುತ್ತದೆ. ಮುಂದೆ ಬರುವುದು ಇಲ್ಲ, ಕೈಯಲ್ಲಿರುವ ಮೂರನ್ನು ಖರ್ಚು ಮಾಡಿದರೆ ಅಕ್ಟೋಬರ್ 29. ಆಗಸ್ಟ್ 1ರಿಂದ ಅಲ್ಲಿಗೆ ಪೂರ್ತಿ 90 ದಿನ! ಹೊರಡುವ ದಿನವನ್ನು ಒಂದು ತಿಂಗಳು ಸರಿಸಿದ್ದಕ್ಕೆ ತಂಗುವ ಅವಧಿ ಮೂರು ಪಟ್ಟಾಯಿತು. ಮೇಷ್ಟ್ರು ಎರಡು ಸಲ ಎಣಿಸಿದರು. ಮೂವತ್ತು ವರ್ಷ ಗಣಿತ ಕಲಿಸಿದ ಕೈ, ಮೂರನೇ ಸಲ ಎಣಿಸಲಿಲ್ಲ. ಈ ಲೆಕ್ಕ ನನಗೆ ಇವತ್ತಿಗೂ ಹಬ್ಬದ ಊಟದಷ್ಟು ಖುಷಿ ಕೊಡುತ್ತದೆ.

ಎಣಿಸುವಾಗ ನೆನಪಿಡಬೇಕಾದ ಕೆಲವು ಮಾತುಗಳಿವೆ. ಮಗು ಹುಟ್ಟಿದ ದಿನವನ್ನೂ ಸೇರಿಸಿ ಹನ್ನೊಂದನೆಯ ದಿನಕ್ಕೆ ನಾಮಕರಣ ಇಟ್ಟುಕೊಳ್ಳುತ್ತೇವಲ್ಲ, ಹಾಗೆಯೇ ಇಲ್ಲೂ ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಮೂರು ತಿಂಗಳು ಅಂದರೆ 90 ದಿನ ಎಂದುಕೊಳ್ಳಬೇಡಿ, ಮಾರ್ಚ್ 1ರಿಂದ ಮೇ 31ಕ್ಕೆ 92 ದಿನ ಆಗುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಆಮ್‌ಸ್ಟರ್‌ಡಾಮ್‌ಗೆ ಹೋಗುವವರಿಗೆ ಪಾಸ್‌ಪೋರ್ಟ್ ತಪಾಸಣೆ ನಡೆಯುವುದು ಫ್ರಾಂಕ್‌ಫರ್ಟ್‌ನಲ್ಲೇ, ಎಣಿಕೆಯೂ ಅಲ್ಲಿಂದಲೇ ಶುರು. ನಡುವೆ ವಾರದ ಮಟ್ಟಿಗೆ ಲಂಡನ್‌ಗೆ ಹೋಗಿ ಬಂದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಲಂಡನ್‌ನಲ್ಲಿದ್ದ ದಿನಗಳಿಗೆ ಬೀಜ ಖರ್ಚಾಗುವುದಿಲ್ಲ, ಅಷ್ಟೇ. ಡಬ್ಬ ಮತ್ತೆ ತುಂಬುವುದಿಲ್ಲ. ವಿಮಾನ ರದ್ದಾದೀತು, ಜ್ವರ ಬಂದೀತು. ಎರಡು ಮೂರು ಬೀಜ ಉಳಿಸಿಕೊಂಡೇ ಟಿಕೆಟ್ ತೆಗೆಯಿರಿ. ಮೇಷ್ಟ್ರು ಅಕ್ಟೋಬರ್ 25ಕ್ಕೇ ಹೊರಟು ಬಂದರು.

ಮೊದಲೆಲ್ಲ ಅಧಿಕಾರಿ ಪಾಸ್‌ಪೋರ್ಟಿನ ಹಾಳೆ ಮಗುಚಿ ಮಸುಕಾದ ಮುದ್ರೆಗಳನ್ನು ನೋಡಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡು ಕಂಪ್ಯೂಟರಿನಲ್ಲೇ ಹೋಗುಬರುವ ದಿನ ದಾಖಲಿಸುವ ವ್ಯವಸ್ಥೆಯನ್ನು ಹಂತ ಹಂತವಾಗಿ ತಂದಿದ್ದಾರೆ. ಯಂತ್ರ ಒಂದು ದಿನವನ್ನೂ ಮರೆಯುವುದಿಲ್ಲ, ನಾವೂ ಮರೆಯಬಾರದು. ನಿಜವಾಗಿಯೂ 90 ದಿನಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಇರಬೇಕೆನ್ನುವವರು 'ಡಿ' ಬಗೆಯ ದೀರ್ಘಾವಧಿ ವೀಸಾ ಕೇಳಬೇಕು. ಅದನ್ನು ಆಯಾ ದೇಶ ತನ್ನ ನಿಯಮದಂತೆ ಕೊಡುತ್ತದೆ. ಕೊಟ್ಟ ದೇಶದಲ್ಲಿ ಅದರ ಮೇಲೆ ಕಳೆದ ದಿನಗಳು ಈ 90ಕ್ಕೆ ಸೇರುವುದಿಲ್ಲ.

ಅಮೆರಿಕದಲ್ಲಿ ಎಡವಟ್ಟು ಇನ್ನೊಂದು ಬಗೆಯದು. ಭಾರತೀಯರಿಗೆ ಪ್ರವಾಸಿ ವೀಸಾ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ. ತಂಗುವ ದಿನಗಳ ಅಂಕಿ ಆ ಚೀಟಿಯ ಮೇಲೆ ಇರುವುದೇ ಇಲ್ಲ. ಅದನ್ನು ನಿರ್ಧರಿಸುವವರು ವಿಮಾನ ಇಳಿದಾಗ ಎದುರಾಗುವ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆಯೂ ಕೊಡಬಹುದು. ಐ-94 ಎಂಬ ದಾಖಲೆಯಲ್ಲಿ ಆ ಕೊನೆಯ ತಾರೀಖು ಇರುತ್ತದೆ. ಅದನ್ನು ಸರ್ಕಾರದ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನೋಡಿಕೊಳ್ಳಬಹುದು. ಮಗನ ಮನೆ ಸೇರಿ ಸ್ನಾನ ಮುಗಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಅದೇ. ಆ ತಾರೀಖು ಮೀರಿ ನಿಂತರೆ ಹತ್ತು ವರ್ಷದ ವೀಸಾ ಅಲ್ಲಿಗೇ ರದ್ದು. ಅಕ್ರಮ ವಾಸ 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷವೋ ಹೆಚ್ಚೋ ಆಗಿದ್ದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಹೆಚ್ಚು ದಿನ ಬೇಕಾದರೆ ತಾರೀಖು ಮುಗಿಯುವ ಮೊದಲೇ ಐ-539 ಅರ್ಜಿ ಹಾಕಬೇಕು, 45 ದಿನ ಮುಂಚೆ ಹಾಕುವುದು ಒಳ್ಳೆಯದು. ಪಾಸ್‌ಪೋರ್ಟ್ ಹಳತಾಗಿ ಹೊಸದು ಮಾಡಿಸಿದ್ದರೆ ಚಿಂತೆ ಬೇಡ, ಹಳೆಯದರಲ್ಲಿರುವ ಅಮೆರಿಕ ವೀಸಾ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಎರಡನ್ನೂ ಜೊತೆಗಿಟ್ಟುಕೊಂಡು ಹೋಗಿ.

ಅಲ್ಲಿಯ ಕಾನೂನು, ಪ್ರವಾಸಿ ವೀಸಾ ಕೇಳಿ ಬಂದವರನ್ನು ನೆಲೆಸಲು ಬಂದವರು ಎಂದೇ ಮೊದಲು ಎಣಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಮ್ಮದು. ಸಂದರ್ಶನದಲ್ಲಿ ವೀಸಾ ನಿರಾಕರಿಸಿದಾಗ ಎಷ್ಟೋ ಹಿರಿಯರು ಅವಮಾನವಾಯಿತೆಂದು ನೊಂದುಕೊಳ್ಳುತ್ತಾರೆ. ಅದು ಯಾರ ಮರ್ಯಾದೆಯ ಮೇಲಿನ ಮಾತೂ ಅಲ್ಲ, ಎಲ್ಲರಿಗೂ ಒಂದೇ ಅಳತೆ. ಊರಿನಲ್ಲಿ ಮನೆ, ಜಮೀನು, ಪಿಂಚಣಿ, ಇಲ್ಲೇ ಇರುವ ಇನ್ನೊಬ್ಬ ಮಗ, ಹಿಂದೆ ಹೋಗಿ ಹೇಳಿದ ಹೊತ್ತಿಗೆ ಮರಳಿದ ದಾಖಲೆ, ಇವೇ ಸಾಕ್ಷಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. "ಬಾಣಂತನ ಅಂತ ಬಾಯಿ ಬಿಡಬೇಡಿ, ಊರು ನೋಡೋಕೆ ಅನ್ನಿ" ಎಂದು ಕಿವಿಯಲ್ಲಿ ಹೇಳಿಕೊಡುವವರು ಇದ್ದಾರೆ. ಕೇಳಬೇಡಿ. ಮಗಳಿಗೆ ಹೆರಿಗೆ, ಅವಳ ಜೊತೆ ಇದ್ದು ಬರುತ್ತೇನೆ ಎನ್ನುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಮನೆಯವರನ್ನು ನೋಡಲು ಹೋಗುವುದು ಪ್ರವಾಸಿ ವೀಸಾದೊಳಗೇ ಬರುತ್ತದೆ. ಸಂಬಳಕ್ಕೆ ದುಡಿಯುವಂತಿಲ್ಲ, ಅಷ್ಟೇ. ಸುಳ್ಳು ಹೇಳಿದ್ದು ಸಾಬೀತಾದರೆ ಜೀವನಪರ್ಯಂತ ಬಾಗಿಲು ಮುಚ್ಚಬಹುದು.

ಉಳಿದ ದೇಶಗಳನ್ನು ಬೇಗ ನೋಡಿಬಿಡೋಣ. ಬ್ರಿಟನ್ ಎರಡು, ಐದು, ಹತ್ತು ವರ್ಷಗಳ ವೀಸಾ ಕೊಟ್ಟರೂ ಒಂದು ಭೇಟಿಗೆ ಆರು ತಿಂಗಳೇ ಮಿತಿ. ಕೆನಡಾದಲ್ಲಿ ತಂದೆತಾಯಿ, ಅಜ್ಜಅಜ್ಜಿಯರಿಗೆಂದೇ ಸೂಪರ್ ವೀಸಾ ಇದೆ, 2022ರ ಜುಲೈಯಿಂದ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಆಸ್ಟ್ರೇಲಿಯಾದ ವೀಸಾ ಪತ್ರ ಬಂದರೆ 8503 ಎಂಬ ಷರತ್ತು ಇದೆಯೇ ಎಂದು ಹುಡುಕಿ. ಇದ್ದರೆ ಅಲ್ಲಿದ್ದುಕೊಂಡು ಅವಧಿ ಮುಂದುವರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಕಾಗದಪತ್ರದ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನಿಲ್ಲಿ ತುಂಬುವುದಿಲ್ಲ. ಷೆಂಗೆನ್‌ಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು, ಕೊನೆಯ ಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಹಿಂದಿನ ವಾರ ಅಳಿಯನಿಂದ ಹಣ ಹಾಕಿಸಿ ಸ್ಟೇಟ್‌ಮೆಂಟ್ ತೆಗೆಸಿದರೆ ಅನುಮಾನ ಬರುತ್ತದೆ. ಖರ್ಚು ಅಳಿಯನದೇ ಆದರೆ ಅವನ ಪತ್ರ, ಅವನ ಸಂಬಳದ ಚೀಟಿ ಲಗತ್ತಿಸಿ. 2024ರ ಏಪ್ರಿಲ್‌ನಲ್ಲಿ ಯುರೋಪು ಭಾರತೀಯರಿಗಾಗಿ ಒಂದು ಅನುಕೂಲ ಮಾಡಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾಕ್ಕೆ ದಾರಿಯಾಗಿದೆ. ಇದು ಗೊತ್ತಿಲ್ಲದೆ ಪ್ರತಿ ವರ್ಷ ಮೊದಲಿನಿಂದ ಶುರು ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಏಜೆಂಟರು ಅರ್ಜಿ ತುಂಬಿಕೊಡುತ್ತಾರೆ, ಮಕ್ಕಳು ಟಿಕೆಟ್ ತೆಗೆಯುತ್ತಾರೆ. ಆದರೆ ದಿನ ಎಣಿಸುವುದನ್ನು ಮಾತ್ರ ನೀವೇ ಕಲಿಯಿರಿ ಎಂದು ನನ್ನ ಕಳಕಳಿಯ ಕೋರಿಕೆ. ವೀಸಾ ಶುಲ್ಕ ಬದಲಾಗುತ್ತದೆ, ನಮೂನೆ ಬದಲಾಗುತ್ತದೆ, ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣದಲ್ಲಿ ಹೊಸ ನಿಯಮ ಓದಲೇಬೇಕು. ಎಣಿಸಲು ಬಂದವರಿಗೆ ಓದಿದ್ದು ಅರ್ಥವಾಗುತ್ತದೆ. ಯುರೋಪ್ ಒಕ್ಕೂಟದವರ ಜಾಲತಾಣದಲ್ಲಿ ಲೆಕ್ಕ ಹಾಕುವ ಸಾಧನವೂ ಇದೆ, ನಿಮ್ಮ ಉತ್ತರವನ್ನು ಅದರಲ್ಲಿ ತಾಳೆ ನೋಡಿಕೊಳ್ಳಿ.

ಡಬ್ಬ, ಬೀಜ, ಗೋಡೆಯ ಕ್ಯಾಲೆಂಡರ್ ಇಟ್ಟುಕೊಂಡು ಒಂದು ಲೆಕ್ಕ ಮಾಡಿ ನೋಡಿ. ಫೆಬ್ರವರಿಗೆ 28 ದಿನವಿರುವ ವರ್ಷ. ಒಬ್ಬ ತಾಯಿ ಜನವರಿ 10ರಿಂದ ಫೆಬ್ರವರಿ 18ರವರೆಗೆ ಷೆಂಗೆನ್ ವಲಯದಲ್ಲಿರುವ ಮಗಳ ಮನೆಯಲ್ಲಿದ್ದು ಬಂದಿದ್ದಾರೆ. ಜೂನ್ ಕೊನೆಗೆ ಮಗಳ ಹೆರಿಗೆ. ಮೇ 1ಕ್ಕೆ ಹೋದರೆ ಜೂನ್ 19ಕ್ಕೇ ಬೀಜ ಮುಗಿದು, ಹೆರಿಗೆಗೆ ಮೊದಲೇ ಹೊರಟು ಬರಬೇಕಾಗುತ್ತದೆ. ನಡುವೆ ಎದ್ದು ಬರದೆ ಪೂರ್ತಿ 90 ದಿನ ಇರಬೇಕಾದರೆ ಅವರು ಎಲ್ಲಕ್ಕಿಂತ ಮುಂಚೆ ಯಾವ ದಿನ ಅಲ್ಲಿ ಇಳಿಯಬಹುದು? ಮೇ 20 ಎಂದು ಬಂದರೆ ನಿಮ್ಮ ಎಣಿಕೆ ಸರಿ.