ಅತಿಥಿ ಸಂಶೋಧಕರೂ ವಿದ್ಯುನ್ಮಾನ ಗ್ರಂಥಭಂಡಾರವೂ



ಹಿಂದೆ ಪರಊರಿನ ಸಂಶೋಧಕರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪರಿಚಯಪತ್ರದೊಡನೆ ಬಂದು, ಕಪಾಟಿನ ಗ್ರಂಥಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಇಂದು ಅನೇಕ ವಿದ್ವತ್ಪತ್ರಿಕೆಗಳು ಗಣಕಯಂತ್ರದಲ್ಲಷ್ಟೇ ದೊರೆಯುತ್ತವೆ. ಪಾಸ್‌ವರ್ಡ್ ಇಲ್ಲದ ಅತಿಥಿಗಳು ಬರಿಗೈಯಲ್ಲಿ ಮರಳುವುದುಂಟು. ಇದಕ್ಕೆ ಗ್ರಂಥಪಾಲಕರನ್ನು ದೂಷಿಸಲಾಗದು.

ಮುದ್ರಿತ ಗ್ರಂಥವನ್ನು ವಿಶ್ವವಿದ್ಯಾಲಯವು ಕೊಳ್ಳುತ್ತದೆ. ವಿದ್ಯುನ್ಮಾನ ಪತ್ರಿಕೆಗಳಿಗೆ ಸಾಮಾನ್ಯವಾಗಿ ಓದುವ ಪರವಾನಗಿಯನ್ನಷ್ಟೇ ಪಡೆಯುತ್ತದೆ. ಯಾರು, ಎಲ್ಲಿ ಓದಬಹುದೆಂಬುದನ್ನು ಪ್ರಕಾಶಕರೊಡನೆ ಆದ ಒಪ್ಪಂದವೇ ನಿರ್ಧರಿಸುತ್ತದೆ. ಗ್ರಂಥಾಲಯಕ್ಕೇ ಬಂದು ಅಲ್ಲಿನ ಗಣಕಯಂತ್ರದಲ್ಲಿ ಓದುವ ಅತಿಥಿಗಳಿಗೆ ಅನೇಕ ಒಪ್ಪಂದಗಳು ಅವಕಾಶ ನೀಡುತ್ತವೆ. ಮನೆಯಿಂದ ಓದುವ ಸೌಲಭ್ಯ ಸಾಮಾನ್ಯವಾಗಿ ಬೋಧಕರಿಗೂ ವಿದ್ಯಾರ್ಥಿಗಳಿಗೂ ಸೀಮಿತ. ಮಿತ್ರರ ಪಾಸ್‌ವರ್ಡ್ ಬಳಸುವುದು ಒಪ್ಪಂದಭಂಗವಾಗುತ್ತದೆ.

ಆದುದರಿಂದ ಹೊರಡುವ ಮುನ್ನ ಗ್ರಂಥಪಾಲಕರಿಗೆ ಪತ್ರ ಬರೆದು, ಅತಿಥಿ ಓದುಗರಿಗೆ ಅವಕಾಶವಿದೆಯೇ, ಯಾವ ಗುರುತಿನ ಚೀಟಿ ಬೇಕು, ಲೇಖನಗಳನ್ನು ಮುದ್ರಿಸಿಕೊಳ್ಳಬಹುದೇ ಎಂದು ವಿಚಾರಿಸಿಕೊಳ್ಳಿರಿ. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿರುವ ‘ಶೋಧಗಂಗಾ’ ಮನೆಯಿಂದಲೇ ಎಲ್ಲರಿಗೂ ಮುಕ್ತವಾಗಿದೆ.

ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು 2025ರಿಂದ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುತ್ತಿದೆ. ಆದರೆ ಯಾವ ಸಂಸ್ಥೆಗೂ ಸೇರದ ನಿವೃತ್ತ ಶಿಕ್ಷಕರು, ಗ್ರಾಮದ ಶಾಸನಾಸಕ್ತರು ಅದರ ಹೊರಗೇ ಉಳಿಯುತ್ತಾರೆ. ವಚನಗಳ ತಾಡೋಲೆಗಳನ್ನು ಅರಸಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರೂ ವೃತ್ತಿಯಿಂದ ವಕೀಲರೇ ಆಗಿದ್ದರು. ಅಂಥವರಿಗಾಗಿ ಒಂದು ಆಸನ, ಒಂದು ಗಣಕಯಂತ್ರವನ್ನು ಮೀಸಲಿಡುವುದೂ ಒಪ್ಪಂದದಲ್ಲಿ ಅತಿಥಿಗಳ ಹೆಸರನ್ನು ಸೇರಿಸುವುದೂ ವಿಶ್ವವಿದ್ಯಾಲಯಗಳ ಕರ್ತವ್ಯ.